ಕಿವಿಗೆ ಬೀಳದ ಅಪರಾಧ

ಮಾರ್ಪಡಿಸಿದ ಸೈಲೆನ್ಸರ್‌ಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹರಿಸುವ ದೃಶ್ಯವನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕೈಗೊಂಡ ಈ ಕ್ರಮಕ್ಕೆ ಜನರ ಮೆಚ್ಚುಗೆಯೂ ದೊರೆತಿದೆ. ನಡುರಾತ್ರಿ ನಿದ್ದೆಗೆಡಿಸುವ ಕರ್ಕಶ ಸದ್ದಿಗೆ ಕಡಿವಾಣ ಬೀಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸದ್ದು ಮಾಡುವ ತಪ್ಪು ಮಾತ್ರವೇ ತಪ್ಪು ಎಂಬ ಭಾವನೆ ಬೇರೂರುತ್ತಿರುವುದು ನನ್ನನ್ನು ಚಿಂತೆಗೀಡು ಮಾಡಿದೆ. ಏಕೆಂದರೆ ಇಂದಿನ ಕಾರುಗಳಲ್ಲಿ ನಡೆಯುವ ಹೆಚ್ಚು ಅಪಾಯಕಾರಿ ಮಾರ್ಪಾಟು ಕಿವಿಗೆ ಬೀಳದೇ ಹೋಗಬಹುದು.

ನಾನು ಹೇಳುತ್ತಿರುವುದು ಕಾರುಪ್ರಿಯರು 'ಹೆಡರ್' ಎಂದು ಕರೆಯುವ ಬಿಡಿಭಾಗದ ಬಗ್ಗೆ. ಎಂಜಿನ್ನಿನಲ್ಲಿ ಉರಿದ ಅನಿಲ ಹೊರಬೀಳುವ ಮೊದಲ ಕೊಳವೆಗಳ ಗೊಂಚಲು ಇದು. ಕಾರು ತಯಾರಕರು ಬಾಳಿಕೆ, ವೆಚ್ಚ, ಜಾಗ ಎಲ್ಲವನ್ನೂ ತೂಗಿ ನೋಡಿ ಈ ಸ್ಥಾನದಲ್ಲಿ ಗಿಡ್ಡನೆಯ ಮ್ಯಾನಿಫೋಲ್ಡ್ ಕೂರಿಸಿರುತ್ತಾರೆ. ಹೊರಗೆ ಕೊಳ್ಳುವ ಒಳ್ಳೆಯ ಹೆಡರ್‌ನಲ್ಲಾದರೋ ಪ್ರತಿ ಸಿಲಿಂಡರಿಗೂ ಸಮ ಉದ್ದದ ಪ್ರತ್ಯೇಕ ಉಕ್ಕಿನ ಕೊಳವೆ ಇರುತ್ತದೆ. ಒಂದು ಸಿಲಿಂಡರಿನ ಹೊಗೆ ರಭಸದಿಂದ ಸಾಗಿದಾಗ ಅದರ ಬೆನ್ನಲ್ಲೇ ಒತ್ತಡ ತಗ್ಗಿ, ಮುಂದಿನ ಸಿಲಿಂಡರಿನ ಹೊಗೆಯನ್ನು ಸೆಳೆದುಕೊಳ್ಳುತ್ತದೆ. ಎಂಜಿನ್ ಸರಾಗವಾಗಿ ಉಸಿರಾಡುತ್ತದೆ. ಈ ವಿಜ್ಞಾನ ಸುಳ್ಳಲ್ಲ. ರೇಸಿನ ಅಂಕಣದಲ್ಲಿ ಅದಕ್ಕೆ ಬೆಲೆಯೂ ಇದೆ.

ದಿನನಿತ್ಯ ಕಚೇರಿಗೆ ಓಡಾಡುವ ಕಾರಿಗೆ ಅದರಿಂದ ಏನು ಲಾಭ? ಬಂಧುಗಳೊಬ್ಬರ ಮಗ ಈಚೆಗೆ ತನ್ನ ಪುಟ್ಟ ಪೆಟ್ರೋಲ್ ಕಾರಿನ ಬಗ್ಗೆ ಪ್ರಸ್ತಾಪಿಸಿ, 'ನಾಲ್ಕು-ಒಂದು ವಿನ್ಯಾಸದ ಹೆಡರ್ ಒಳ್ಳೆಯದೋ, ನಾಲ್ಕು-ಎರಡು-ಒಂದರದ್ದೋ ಮಾವ?' ಎಂದು ಕೇಳಿದ. ನಾಲ್ಕು ಕೊಳವೆಗಳು ನೇರವಾಗಿ ಒಂದಾಗುವ ವಿನ್ಯಾಸ ಎಂಜಿನ್ ಅತಿ ವೇಗವಾಗಿ ತಿರುಗುವಾಗ ಫಲ ಕೊಡುತ್ತದೆ. ಮೊದಲು ಎರಡಾಗಿ ಆಮೇಲೆ ಒಂದಾಗುವ ವಿನ್ಯಾಸ ಮಧ್ಯಮ ವೇಗದಲ್ಲಿ ನೆರವಾಗುತ್ತದೆ. ಆದ್ದರಿಂದ ಊರೊಳಗಿನ ಓಡಾಟಕ್ಕೆ ಎರಡನೆಯದೇ ವಾಸಿ ಎಂದು ಹೇಳಬಹುದು. ಆದರೆ 1.2 ಲೀಟರ್‌ನ ಸಾಮಾನ್ಯ ಎಂಜಿನ್ ತನ್ನ ಪೂರ್ಣ ಶಕ್ತಿ ತೋರುವುದು ನಿಮಿಷಕ್ಕೆ ಸುಮಾರು 6000 ಸುತ್ತುಗಳಲ್ಲಿ. ಸಿಲ್ಕ್ ಬೋರ್ಡ್ ಬಳಿ ತೆವಳುವ ಕಾರು ಅದರ ಅರ್ಧವನ್ನಾದರೂ ಮುಟ್ಟುವುದು ಅಪರೂಪ. ಸವೆದ ಟೈರು, ಕೊಳೆ ತುಂಬಿದ ಏರ್ ಫಿಲ್ಟರ್ ಹಾಗೆಯೇ ಉಳಿಸಿಕೊಂಡು ಹೆಡರ್ ಹಾಕಿಸುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಇಷ್ಟೇ ಆಗಿದ್ದರೆ ಅದು ಅವರವರ ಹಣ, ಅವರವರ ಹವ್ಯಾಸ ಎಂದು ಸುಮ್ಮನಿರಬಹುದಿತ್ತು. ಹುಡುಗ ಕೇಳಬೇಕಾಗಿದ್ದ ಮೊದಲ ಪ್ರಶ್ನೆ ಬೇರೆ: ಈ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿದೆ? 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಈ ಸಾಧನ, ಪ್ಲಾಟಿನಂ, ಪೆಲಾಡಿಯಂ, ರೋಡಿಯಂ ಲೋಹಗಳ ನೆರವಿನಿಂದ ಕಾರ್ಬನ್ ಮೊನಾಕ್ಸೈಡ್, ಉರಿಯದ ಇಂಧನ ಹಾಗೂ ನೈಟ್ರೋಜನ್ ಆಕ್ಸೈಡ್‌ಗಳ ವಿಷವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯೇರುವವರೆಗೆ ಅದು ಸರಿಯಾಗಿ ಕೆಲಸ ಮಾಡದು. ಬೇಗ ಬಿಸಿಯಾಗಲೆಂದೇ ಈಗಿನ ಅನೇಕ ಕಾರುಗಳಲ್ಲಿ ಅದನ್ನು ಎಂಜಿನ್ನಿನ ಮಗ್ಗುಲಲ್ಲೇ, ಮ್ಯಾನಿಫೋಲ್ಡ್‌ಗೆ ಅಂಟಿಸಿದಂತೆ ಕೂರಿಸುತ್ತಾರೆ. ಅಂಥ ಕಾರಿನಲ್ಲಿ ಮ್ಯಾನಿಫೋಲ್ಡ್ ಕಳಚಿ ಹೆಡರ್ ಹಾಕಿದರೆ ಕನ್ವರ್ಟರ್ ಕೂಡ ಮೂಲೆ ಸೇರುತ್ತದೆ.

ಹಿಂದಿನ ಸೈಲೆನ್ಸರ್ ಹಾಗೆಯೇ ಇರುವುದರಿಂದ ಸದ್ದು ಕಾನೂನಿನ ಮಿತಿಯೊಳಗೇ ಉಳಿಯಬಹುದು. ದೋಷವನ್ನು ಸೂಚಿಸಬೇಕಾದ ಆಮ್ಲಜನಕ ಸೆನ್ಸರ್‌ಗೆ ಮಂಕುಬೂದಿ ಎರಚುವ ಉಪಾಯಗಳೂ ಇವೆ. ಹೊಗೆ ತಪಾಸಣೆ ಕೇಂದ್ರದಲ್ಲಿ ಪೆಟ್ರೋಲ್ ಕಾರಿನ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು ಅಳೆಯುತ್ತಾರೆಯೇ ಹೊರತು ನೈಟ್ರೋಜನ್ ಆಕ್ಸೈಡನ್ನು ಅಳೆಯುವುದಿಲ್ಲ. ಬಿಸಿಲಿನಲ್ಲಿ ಓಜೋನ್ ಆಗಿ ಮಾರ್ಪಟ್ಟು ಶ್ವಾಸಕೋಶವನ್ನು ಕೆರಳಿಸುವ ಹೊಗೆಮಂಜಿಗೆ ಮೂಲವಾಗುವುದು ಇದೇ ಅನಿಲ.

ಹಾಗೆಂದು ಕಾನೂನಿಗೆ ಕೊರತೆಯಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೂ ಮಾಲೀಕನಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಆದರೆ ಬೀದಿಯಲ್ಲಿ ನಿಂತ ಪೇದೆ ಬಾನೆಟ್ಟಿನ ಅಡಿಯಲ್ಲಿ ಏನು ಬದಲಾಗಿದೆ ಎಂದು ಗುರುತಿಸುವುದಾದರೂ ಹೇಗೆ?

ಇಲ್ಲಿ ಹೊರಗಿನವರಿಂದ ಕಲಿಯುವುದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಯು ಸಂಪನ್ಮೂಲ ಮಂಡಳಿ ಇಂಥ ಬಿಡಿಭಾಗಗಳನ್ನು ಪರಿಶೀಲಿಸಿ, ಮಾಲಿನ್ಯ ಹೆಚ್ಚಿಸುವುದಿಲ್ಲವೆಂದು ಖಾತ್ರಿಯಾದವುಗಳಿಗೆ ಆದೇಶ ಸಂಖ್ಯೆಯೊಂದನ್ನು ನೀಡುತ್ತದೆ. ಆ ಸಂಖ್ಯೆಯಿದ್ದರೆ ಹೆಡರ್ ಬದಲಿಸುವುದು ಅಪರಾಧವಲ್ಲ. ಕೊಳ್ಳುವವನಿಗೂ ತಪಾಸಣೆ ಮಾಡುವವನಿಗೂ ಗೊಂದಲವಿಲ್ಲ. ನಮ್ಮಲ್ಲಿ ಹವ್ಯಾಸಿಗೆ ನ್ಯಾಯಬದ್ಧ ದಾರಿಯೂ ಇಲ್ಲ, ಕನ್ವರ್ಟರ್ ಕಿತ್ತುಹಾಕಿದವನಿಗೆ ಸಿಕ್ಕಿಬೀಳುವ ಭಯವೂ ಇಲ್ಲ. ಸಾರಿಗೆ ಇಲಾಖೆಯು ಮೊದಲ ಹೆಜ್ಜೆಯಾಗಿ ವಾರ್ಷಿಕ ಹೊಗೆ ತಪಾಸಣೆಯ ವೇಳೆ ಕನ್ವರ್ಟರ್ ಸ್ವಸ್ಥಾನದಲ್ಲಿದೆಯೇ ಎಂದು ನೋಡುವ ವ್ಯವಸ್ಥೆಯನ್ನು ಜಾರಿಗೆ ತರಬೇಕು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಸೂಚನೆಗಳನ್ನೂ ಓದಬೇಕು. ಬಿಡಿಭಾಗಗಳಿಗೆ ಪ್ರಮಾಣಪತ್ರ ನೀಡುವ ಪದ್ಧತಿಯನ್ನು ಕೇಂದ್ರ ಸರ್ಕಾರ ರೂಪಿಸಬೇಕು.

ಅಲ್ಲಿಯವರೆಗೆ ಯುವಕರಿಗೆ ನನ್ನ ಸಲಹೆ ಇಷ್ಟೇ: ಕನ್ವರ್ಟರ್ ಕಳಚಬೇಕಾದ ಹೆಡರ್ ಎಷ್ಟೇ ಅಗ್ಗವಾಗಿದ್ದರೂ, ಎಷ್ಟೇ ಹೊಳೆಯುತ್ತಿದ್ದರೂ ಬೇಡವೆನ್ನಿ. ಆ ಹಣದಲ್ಲಿ ಒಳ್ಳೆಯ ಟೈರು ಹಾಕಿಸಿ, ಸ್ಪಾರ್ಕ್ ಪ್ಲಗ್ ಬದಲಿಸಿ. ಕನ್ವರ್ಟರಿಗೆ ಹಣ ಕೊಟ್ಟವರು ನೀವೇ ಇರಬಹುದು, ಆದರೆ ಅದು ದುಡಿಯುವುದು ಸಿಗ್ನಲಿನಲ್ಲಿ ನಿಮ್ಮ ಕಾರಿನ ಹಿಂದೆ ನಿಂತ ಆಟೊ ಚಾಲಕನಿಗಾಗಿ, ಶಾಲೆಯ ಮಕ್ಕಳಿಗಾಗಿ, ದಿನವಿಡೀ ವೃತ್ತದಲ್ಲಿ ನಿಲ್ಲುವ ಪೇದೆಗಾಗಿ. ಅವರನ್ನು ಕೇಳದೆ ಅದನ್ನು ಕಿತ್ತುಹಾಕುವ ಹಕ್ಕು ಯಾವ ಮಾಲೀಕನಿಗೂ ಇಲ್ಲ.