ಸೈತಾನನ ವಿರುದ್ಧ ಸಹಿ ಸಂಗ್ರಹ

2015ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸೈತಾನನ ವಿರುದ್ಧ ಸಹಿ ಸಂಗ್ರಹ ಶುರುವಾಯಿತು. ಫಾಕ್ಸ್ ಚಾನೆಲ್ ‘ಲೂಸಿಫರ್’ ಎಂಬ ಹೊಸ ಧಾರಾವಾಹಿಯನ್ನು ಘೋಷಿಸಿ, ಅದರ ಒಂದು ಚಿಕ್ಕ ತುಣುಕನ್ನು ಹೊರಬಿಟ್ಟಿತ್ತು. ಮೊದಲ ಕಂತು ಪ್ರಸಾರವಾಗಲು ಇನ್ನೂ ಎಂಟು ತಿಂಗಳು ಬಾಕಿ ಇತ್ತು. ಅಷ್ಟರಲ್ಲೇ ‘ಅಮೆರಿಕನ್ ಫ್ಯಾಮಿಲಿ ಅಸೋಸಿಯೇಷನ್’ ಎಂಬ ಕ್ರೈಸ್ತ ಸಂಘಟನೆ ಮತ್ತು ಅದರ ಅಂಗವಾದ ‘ಒನ್ ಮಿಲಿಯನ್ ಮಾಮ್ಸ್’, ಅಂದರೆ ಹತ್ತು ಲಕ್ಷ ತಾಯಂದಿರು, ಈ ಧಾರಾವಾಹಿ ಪ್ರಸಾರವಾಗಲೇಬಾರದು ಎಂದು ಮನವಿ ಹೊರಡಿಸಿದವು. 2016ರ ಜನವರಿ 25ರಂದು ಮೊದಲ ಕಂತು ಬರುವ ಹೊತ್ತಿಗೆ ಮಾತೃಸಂಸ್ಥೆಯ ಮನವಿಗೆ 1,34,331 ಸಹಿಗಳು ಬಿದ್ದಿದ್ದವು. ಹತ್ತು ಲಕ್ಷ ತಾಯಂದಿರ ಮನವಿಗೆ ಸಿಕ್ಕಿದ್ದು 31,312. ಆಕ್ಷೇಪ ಒಂದೇ: ಈ ಧಾರಾವಾಹಿ ಸೈತಾನನನ್ನು ಒಳ್ಳೆಯವನನ್ನಾಗಿ, ಮೆಚ್ಚತಕ್ಕವನನ್ನಾಗಿ ತೋರಿಸುತ್ತದೆ.

ಅಷ್ಟೂ ಸಹಿಗಳು ಬಿದ್ದದ್ದು ಒಂದು ಕಂತೂ ಪ್ರಸಾರವಾಗುವ ಮೊದಲು. ಇದನ್ನು ವೀಕ್ಷಕರ ಪ್ರತಿಕ್ರಿಯೆ ಎಂದು ಪತ್ರಿಕೆಗಳು ಕರೆದರೆ ನನ್ನ ತಕರಾರಿದೆ. ಕ್ರಿಯೆಯೇ ನಡೆಯದ ಮೇಲೆ ಪ್ರತಿಕ್ರಿಯೆ ಎಲ್ಲಿಂದ ಬಂತು? ವೀಕ್ಷಿಸದವನು ವೀಕ್ಷಕ ಹೇಗಾದಾನು?

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ನರಕದ ಒಡೆತನದಿಂದ ಬೇಸತ್ತ ಲೂಸಿಫರ್ ಲಾಸ್ ಏಂಜಲೀಸ್‌ಗೆ ಬಂದು ‘ಲಕ್ಸ್’ ಎಂಬ ನೈಟ್ ಕ್ಲಬ್ ನಡೆಸುತ್ತಾನೆ. ಮೂಲತಃ ಇದು ಡಿಸಿ ಕಾಮಿಕ್ಸ್‌ನ ‘ಸ್ಯಾಂಡ್‌ಮನ್’ ಚಿತ್ರಕಥೆಗಳ ಪಾತ್ರ. ಎದುರಿಗಿದ್ದವರ ಕಣ್ಣಲ್ಲಿ ಕಣ್ಣಿಟ್ಟು, ನಿನ್ನ ಮನದಾಳದ ಆಸೆ ಏನು ಎಂದು ಕೇಳಿದರೆ ಅವರು ಬಾಯಿ ಬಿಡುತ್ತಾರೆ. ಈ ವಿದ್ಯೆಯಿಂದಾಗಿ ಅವನು ಕ್ಲೋಯಿ ಡೆಕ್ಕರ್ ಎಂಬ ಮಹಿಳಾ ಪತ್ತೇದಾರಿಣಿಗೆ ನೆರವಾಗತೊಡಗುತ್ತಾನೆ. ವಾರಕ್ಕೊಂದು ಕೊಲೆ, ವಾರಕ್ಕೊಬ್ಬ ಕೊಲೆಗಾರ. ನಡುವೆ ಅವನು ಮನಶ್ಶಾಸ್ತ್ರಜ್ಞೆಯೊಬ್ಬಳ ಎದುರು ಕುಳಿತು, ತನ್ನ ತಂದೆ ತನಗೆ ಮಾಡಿದ ಅನ್ಯಾಯವನ್ನು ತೋಡಿಕೊಳ್ಳುತ್ತಾನೆ. ತಂದೆ ಎಂದರೆ ಅಲ್ಲಿ ದೇವರು.

ಈ ಧಾರಾವಾಹಿಯ ಸೈತಾನ ಮತ್ತೆ ಮತ್ತೆ ಹೇಳುವ ಮಾತೊಂದಿದೆ. ನಿಮ್ಮ ಪಾಪಕ್ಕೆ ನನ್ನನ್ನು ಹೊಣೆ ಮಾಡಬೇಡಿ, ನಾನು ಯಾರ ಕೈಯಿಂದಲೂ ಕೊಲೆ ಮಾಡಿಸುವುದಿಲ್ಲ, ಮಾಡಿದವನು ನೀನು, ಶಿಕ್ಷೆ ಕೊಡುವುದಷ್ಟೇ ನನ್ನ ಕೆಲಸ ಎಂಬುದು ಅವನ ವಾದದ ಸಾರ. ಯಾವ ಜುಮಾ ಖುತ್ಬಾದಲ್ಲಿ, ಯಾವ ಚರ್ಚಿನ ಭಾನುವಾರದ ಪ್ರವಚನದಲ್ಲಿ ಈ ಮಾತು ಬರುವುದಿಲ್ಲ? ಕುರ್‌ಆನ್‌ನ ಇಬ್ರಾಹೀಮ್ ಅಧ್ಯಾಯದಲ್ಲಿ, ಅಂತಿಮ ತೀರ್ಪಿನ ದಿನ ಸೈತಾನನೇ ತನ್ನ ಹಿಂಬಾಲಕರಿಗೆ, ನಾನು ಕರೆದೆ ಅಷ್ಟೆ, ಬಂದವರು ನೀವು, ನನ್ನನ್ನು ದೂರಬೇಡಿ ಎಂಬ ಅರ್ಥದ ಮಾತು ಹೇಳುವ ಪ್ರಸಂಗವಿದೆ. ಧರ್ಮಗುರುಗಳು ಶತಮಾನಗಳಿಂದ ಹೇಳುತ್ತ ಬಂದ ನೀತಿಯನ್ನೇ ಒಂದು ನೈಟ್ ಕ್ಲಬ್ಬಿನ ಕಥೆ ಹೇಳುತ್ತಿತ್ತು. ಸಹಿ ಹಾಕಿದವರಿಗೆ ಅದು ಕಾಣಲಿಲ್ಲ. ಕಾಣಬೇಕಾದರೆ ನೋಡಬೇಕಲ್ಲವೆ!

ಇನ್ನು ಸೈತಾನನನ್ನು ಮೆಚ್ಚತಕ್ಕವನನ್ನಾಗಿ ತೋರಿಸಬಾರದು ಎಂಬ ಮಾತು. ಹಾಗಾದರೆ ಹೇಗೆ ತೋರಿಸಬೇಕು? ಕೊಂಬು, ಬಾಲ, ಕೈಯಲ್ಲೊಂದು ತ್ರಿಶೂಲ ಹಿಡಿದು ಬಂದರೆ ಅವನಿಂದ ಮೋಸ ಹೋಗುವ ಮೂರ್ಖ ಯಾರಿದ್ದಾನೆ? ಸಿಹಿ ಮಾತು, ಒಳ್ಳೆಯ ಉಡುಪು, ತರ್ಕದ ಚಾತುರ್ಯ, ಇವೇ ಅವನ ಆಯುಧಗಳು ಎಂದು ಎಲ್ಲ ಧರ್ಮಗಳೂ ಎಚ್ಚರಿಸಿವೆ. ಇಂಗ್ಲಿಷಿನ ಮಿಲ್ಟನ್ 1667ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಪ್ರಕಟಿಸಿದಾಗ ಅದರ ಅತ್ಯಂತ ಜೀವಂತ ಪಾತ್ರ ಸೈತಾನನೇ ಆದ. ಮಿಲ್ಟನ್ ನಾಸ್ತಿಕನೇನೂ ಅಲ್ಲ, ಕಟ್ಟಾ ಕ್ರೈಸ್ತ. ಉರ್ದು ಬಲ್ಲವರಿಗೆ ಇಕ್ಬಾಲ್ ಇದ್ದಾರೆ. 1935ರ ‘ಬಾಲ್-ಎ-ಜಿಬ್ರೀಲ್’ ಸಂಕಲನದಲ್ಲಿ ಅವರು ಜಿಬ್ರೀಲ್ ಮತ್ತು ಇಬ್ಲೀಸರನ್ನು ಎದುರುಬದುರು ನಿಲ್ಲಿಸಿ ಮಾತಾಡಿಸಿದರು. ಮರುವರ್ಷ ‘ಇಬ್ಲೀಸ್ ಕೀ ಮಜ್ಲಿಸ್-ಎ-ಶೂರಾ’ ಎಂಬ ನೀಳ್ಗವಿತೆಯಲ್ಲಿ ಸೈತಾನನಿಗೆ ಒಂದು ಮಂತ್ರಾಲೋಚನೆಯ ಸಭೆಯನ್ನೇ ಏರ್ಪಡಿಸಿಕೊಟ್ಟು, ಅವನ ಬಾಯಿಂದ ಬಂಡವಾಳಶಾಹಿಯನ್ನೂ ಸರ್ವಾಧಿಕಾರವನ್ನೂ ಬಯಲಿಗೆಳೆದರು. ಇಬ್ಲೀಸನನ್ನು ಮಾತಾಡಿಸಿದ ಮಾತ್ರಕ್ಕೆ ಇಕ್ಬಾಲ್ ಅವನ ವಕೀಲರಾದರೆ? ಕುರ್‌ಆನ್ ಕೂಡ ಆದಮರ ಸೃಷ್ಟಿಯ ಪ್ರಸಂಗವನ್ನು ಏಳು ಕಡೆ ಪ್ರಸ್ತಾಪಿಸುತ್ತದೆ. ಬೆಂಕಿಯಿಂದಾದ ನಾನು ಮಣ್ಣಿನಿಂದಾದವನಿಗೆ ಏಕೆ ತಲೆಬಾಗಲಿ ಎಂಬ ಇಬ್ಲೀಸನ ಅಹಂಕಾರದ ವಾದವನ್ನು ಅಲ್ಲಿ ಮುಚ್ಚಿಟ್ಟಿಲ್ಲ. ಎದುರಾಳಿಯ ಮಾತನ್ನು ಕೇಳಿಸಿಕೊಂಡೇ ಅದನ್ನು ತಿರಸ್ಕರಿಸುವ ಧೈರ್ಯ ಅದು. ಆ ಧೈರ್ಯ ಇಲ್ಲದವರು ಸಹಿ ಸಂಗ್ರಹಿಸುತ್ತಾರೆ.

ಜಾದೂ ಮತ್ತು ಅಪರಾಧ ಬೆರೆತ ಕಥೆ ಪಾಶ್ಚಾತ್ಯರು ತಂದ ಪಿಡುಗು ಎನ್ನುವವರಿಗೂ ಒಂದು ಮಾತಿದೆ. 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯ ‘ತಿಲಿಸ್ಮ್-ಎ-ಹೋಶ್‌ರುಬಾ’ದ ದಪ್ಪ ದಪ್ಪ ಸಂಪುಟಗಳನ್ನು ಹೊರತಂದಿತು. ಅದರಲ್ಲಿ ಮಾಯಾನಗರಿಗಳಿವೆ, ಮಾಟಗಾರ್ತಿಯರಿದ್ದಾರೆ, ವೇಷ ಮರೆಸಿ ಕಳ್ಳತನ, ಅಪಹರಣ ಮಾಡುವ ಅಯ್ಯಾರರಿದ್ದಾರೆ. ಅವರೆಲ್ಲರ ಗುರು ಅಮರ್ ಅಯ್ಯಾರ್, ಇಡೀ ಲೋಕವೇ ಹಿಡಿಸುವ ಜೋಳಿಗೆ ಹೊತ್ತ ಮಹಾ ಜಿಪುಣ, ಮಹಾ ಕಳ್ಳ. ಅವನ ಕಳ್ಳತನ ಕೇಳಿ ಬಿದ್ದು ಬಿದ್ದು ನಕ್ಕವರು ನಮ್ಮ ಹಿರಿಯರೇ. ದಾಸ್ತಾನನ್ನು ದಾಸ್ತಾನಾಗಿ, ದೀನನ್ನು ದೀನಾಗಿ ತಿಳಿಯುವ ವಿವೇಕ ಅವರಿಗಿತ್ತು.

‘ಲೂಸಿಫರ್’ ಮಹಾನ್ ಕೃತಿ ಎಂದು ವಾದಿಸಲು ನಾನು ಹೊರಟಿಲ್ಲ. ಅದರ ಮೇಲೆ ಹೊರಿಸಬೇಕಾದ ಆರೋಪಗಳಿವೆ. ಪ್ರತಿ ವಾರ ಒಂದು ಹೆಣ ಬೀಳುತ್ತದೆ. ಅದರ ಪಕ್ಕದಲ್ಲೇ ನಿಂತು ನಾಯಕ ಚಟಾಕಿ ಹಾರಿಸುತ್ತಾನೆ. ಸತ್ತವನಿಗೂ ಒಂದು ಮನೆ, ಒಬ್ಬ ತಾಯಿ ಇದ್ದಾಳೆಂಬುದು ಜಾಹೀರಾತಿನ ವಿರಾಮದೊಳಗೆ ಮರೆತುಹೋಗುತ್ತದೆ. ಇನ್ನೊಂದು ಇದಕ್ಕಿಂತ ದೊಡ್ಡದು. ಕಥೆ ನಡೆಯುವುದು ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯಲ್ಲಿ. 1991ರಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ನಡುರಸ್ತೆಯಲ್ಲಿ ಬಡಿದು ವಿಡಿಯೋದಲ್ಲಿ ಸಿಕ್ಕಿಬಿದ್ದ ಇಲಾಖೆ ಅದು. ಮರುವರ್ಷ ಆ ಪೊಲೀಸರು ಖುಲಾಸೆಯಾದಾಗ ಇಡೀ ನಗರ ಹೊತ್ತಿ ಉರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಂಥ ಇಲಾಖೆಯನ್ನು ಈ ಧಾರಾವಾಹಿ ಬಹುಪಾಲು ಹಾಸ್ಯದ, ಪ್ರೇಮದ ಹಿನ್ನೆಲೆಯಾಗಿ ಬಳಸಿಕೊಂಡಿತು. 2021ರ ಕೊನೆಯ ಸೀಸನ್‌ನಲ್ಲಿ, ಅದೂ 2020ರ ಪ್ರತಿಭಟನೆಗಳ ಬಳಿಕ, ಪೊಲೀಸರ ವರ್ಣಭೇದವನ್ನು ಅದು ನೇರವಾಗಿ ಮುಟ್ಟಿತು. ಆಕ್ಷೇಪಿಸಬೇಕಾದದ್ದು ಇಲ್ಲಿತ್ತು. ಆದರೆ ಲಕ್ಷ ಸಹಿಗಳ ಕಣ್ಣು ನೆಟ್ಟಿದ್ದು ನರಕದ ಮೇಲೆ. ಕಾಲ ಕೆಳಗಿನ ನೆಲದ ಮೇಲಲ್ಲ.

ಆ ಸಹಿಗಳಿಂದ ಆದದ್ದೇನು? ಏನೂ ಇಲ್ಲ. ಧಾರಾವಾಹಿ ಪ್ರಸಾರವಾಯಿತು. 2018ರ ಮೇ ತಿಂಗಳಲ್ಲಿ ಫಾಕ್ಸ್ ಅದನ್ನು ನಿಲ್ಲಿಸಿತು, ನೋಡುವವರ ಸಂಖ್ಯೆ ಇಳಿದ ಕಾರಣಕ್ಕೆ. ಆಗ ನಿಜವಾಗಿ ನೋಡಿದವರು ಗದ್ದಲ ಎಬ್ಬಿಸಿದರು. ಮರುತಿಂಗಳೇ ನೆಟ್‌ಫ್ಲಿಕ್ಸ್ ಅದನ್ನು ಎತ್ತಿಕೊಂಡಿತು. ಇನ್ನೂ ಮೂರು ಸೀಸನ್ ನಡೆದು 2021ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಕೆಡವಿದವರೂ ನೋಡುಗರೇ, ಎತ್ತಿ ನಿಲ್ಲಿಸಿದವರೂ ನೋಡುಗರೇ. ನೋಡದವರ ಪಾಲಿಗೆ ಉಳಿದದ್ದು ಒಂದು ಸಂಖ್ಯೆ ಮಾತ್ರ.

ಇಂಥ ಚಳವಳಿ ಎಷ್ಟು ಕುರುಡಾಗಬಲ್ಲದು ಎಂಬುದಕ್ಕೆ 2019ರ ನಿದರ್ಶನ ನೋಡಿ. ಒಬ್ಬ ದೇವದೂತ ಮತ್ತು ಒಂದು ಪಿಶಾಚಿಯ ಗೆಳೆತನದ ಕಥೆ ‘ಗುಡ್ ಓಮೆನ್ಸ್’ ಅಮೆಜಾನ್‌ನಲ್ಲಿ ಬಂತು. ಅದನ್ನು ನಿಲ್ಲಿಸಿ ಎಂದು ಅಮೆರಿಕದ ಇನ್ನೊಂದು ಕ್ರೈಸ್ತ ಗುಂಪು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಹಿ ಹಾಕಿಸಿ ಕಳಿಸಿದ ಮನವಿ ಯಾರ ಹೆಸರಿಗಿತ್ತು ಗೊತ್ತೆ? ನೆಟ್‌ಫ್ಲಿಕ್ಸ್‌ಗೆ! ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವುದು ನಮ್ಮ ಗಾದೆ. ಇವರು ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಇನ್ನು ಮುಂದೆ ಇಂಥದ್ದನ್ನು ಮಾಡುವುದಿಲ್ಲ ಎಂದು ನೆಟ್‌ಫ್ಲಿಕ್ಸ್ ತಮಾಷೆಯಾಗಿ ಮಾತು ಕೊಟ್ಟಿತು. ಬಿಟ್ಟಿ ಪ್ರಚಾರ ಎರಡೂ ಕಂಪೆನಿಗಳಿಗೆ ಸಿಕ್ಕಿತು.

ಇದು ಅಮೆರಿಕದ ಚರ್ಚುಗಳ ಹಣೆಬರಹ ಎಂದು ನಾವು ನಗುವ ಹಾಗಿಲ್ಲ. ಅದೇ 2019ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್ ತನ್ನ ಮೊದಲ ಅರಬಿ ಧಾರಾವಾಹಿ ‘ಜಿನ್ನ್’ ಅನ್ನು ಬಿಡುಗಡೆ ಮಾಡಿತು. ಜೋರ್ಡಾನಿನ ಶಾಲಾ ಮಕ್ಕಳು ಪೆಟ್ರಾದ ಪ್ರಾಚೀನ ಅವಶೇಷಗಳಿಗೆ ಪ್ರವಾಸ ಹೋಗುತ್ತಾರೆ. ಅಲ್ಲೊಂದು ಸಾವು, ಜಿನ್ನ್‌ಗಳ ಪ್ರವೇಶ. ಒಟ್ಟು ಐದೇ ಕಂತು. ಗದ್ದಲ ಎದ್ದದ್ದು ಸಾವಿಗಲ್ಲ, ಜಿನ್ನ್‌ಗೂ ಅಲ್ಲ, ಹುಡುಗ ಹುಡುಗಿಯರ ಚುಂಬನ ಮತ್ತು ಬೈಗುಳಗಳಿಗೆ. ದೇಶದ ಗ್ರ್ಯಾಂಡ್ ಮುಫ್ತಿ ಖಂಡಿಸಿದರು. ಪ್ರಸಾರ ತಡೆಯುವಂತೆ ಅಮ್ಮಾನಿನ ಸರಕಾರಿ ಅಭಿಯೋಜಕರು ಸೈಬರ್ ಅಪರಾಧ ವಿಭಾಗಕ್ಕೆ ಸೂಚಿಸಿದರು. ಕೊನೆಗೆ ಏಟು ಬಿದ್ದದ್ದು ಯಾರಿಗೆ? ನಟಿಸಿದ ಎಳೆಯರಿಗೆ. ನಟರ ಮೇಲೆ, ಅದರಲ್ಲೂ ನಾಯಕಿಯ ಪಾತ್ರ ಮಾಡಿದ ಹುಡುಗಿಯ ಮೇಲೆ, ಬೈಗುಳದ ಮಳೆ ಸುರಿಯಿತು. ಈ ದಾಳಿಗೆ ವಿಷಾದ ಸೂಚಿಸಿ ಕಂಪೆನಿಯೇ ಹೇಳಿಕೆ ಕೊಡಬೇಕಾಯಿತು. ಬರೆದವರು, ನಿರ್ದೇಶಿಸಿದವರು, ಹಣ ಹಾಕಿದವರು ಬೇರೆ ಇದ್ದರು. ಆದರೆ ಮರ್ಯಾದೆಯ ಲೆಕ್ಕ ಚುಕ್ತಾ ಮಾಡಲು ನಮಗೆ ಯಾವಾಗಲೂ ಒಬ್ಬ ಹುಡುಗಿಯೇ ಬೇಕು. ನಾಲಗೆಯಿಂದ ಇನ್ನೊಬ್ಬರಿಗೆ ನೋವು ಕೊಡಬಾರದು ಎಂದು ಕಲಿಸುವ ಧರ್ಮದ ಹೆಸರಿನಲ್ಲಿ ಅಶ್ಲೀಲ ಬೈಗುಳ ಬರೆದವರು ಯಾವ ಸಭ್ಯತೆಯನ್ನು ಕಾಪಾಡಿದರು?

‘ಜಿನ್ನ್’ ಬಗ್ಗೆಯೂ ಕೇಳಬೇಕಾದ ಪ್ರಶ್ನೆಗಳಿದ್ದವು. ಅದು ಅಮ್ಮಾನಿನ ಸಿರಿವಂತ ಶಾಲೆಯ ಮಕ್ಕಳ ಲೋಕ. ಜೋರ್ಡಾನಿನ ಉಳಿದ ಮಕ್ಕಳು ಎಲ್ಲಿ? ಜಿನ್ನ್‌ಗಳ ಬಗೆಗಿನ ಅಷ್ಟು ದೊಡ್ಡ ಅರಬಿ ಕಥನ ಪರಂಪರೆ ಇರುವಾಗ ಈ ಕಥೆ ಅಮೆರಿಕದ ಹದಿಹರೆಯದ ಧಾರಾವಾಹಿಗಳ ಅಚ್ಚಿನಲ್ಲಿ ಏಕೆ ಕುಳಿತುಕೊಂಡಿತು? ಚುಂಬನದ ಗಲಾಟೆಯಲ್ಲಿ ಈ ಪ್ರಶ್ನೆಗಳ ದನಿ ಅಡಗಿತು. ನಿಷೇಧದ ಕೂಗಿನ ಮೊದಲ ಬಲಿ ಕಲೆಯಲ್ಲ, ವಿಮರ್ಶೆ.

ಹಾಗಾದರೆ ನೋವಾದವರು ಬಾಯಿ ಮುಚ್ಚಿಕೊಂಡಿರಬೇಕೆ? ಖಂಡಿತ ಇಲ್ಲ. ನಮ್ಮ ದೇಶದಲ್ಲೇ ಅದಕ್ಕೊಂದು ಒಳ್ಳೆಯ ದಾರಿ ತೋರಿಸಿದ ಪ್ರಸಂಗವಿದೆ. 1988ರಲ್ಲಿ ಭೀಷ್ಮ ಸಾಹ್ನಿಯವರ ಕಾದಂಬರಿ ಆಧರಿಸಿದ, ಗೋವಿಂದ ನಿಹಲಾನಿಯವರ ‘ತಮಸ್’ ದೂರದರ್ಶನದಲ್ಲಿ ಬರತೊಡಗಿದಾಗ ಕೋಮುಭಾವನೆ ಕೆರಳುತ್ತದೆಂದು ಬೊಂಬಾಯಿ ಹೈಕೋರ್ಟಿಗೆ ದೂರು ಹೋಯಿತು, ತಡೆಯಾಜ್ಞೆಯೂ ಸಿಕ್ಕಿತು. ಆಗ ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಮಾಡಿದ ಕೆಲಸ ಬಹಳ ಸರಳ. ಇಡೀ ಧಾರಾವಾಹಿಯನ್ನು ಕುಳಿತು ನೋಡಿದರು. ನೋಡಿ, ತಡೆಯಾಜ್ಞೆ ತೆರವು ಮಾಡಿದರು. ಸುಪ್ರೀಂ ಕೋರ್ಟ್ ಕೂಡ ಅದೇ ವರ್ಷ ಧಾರಾವಾಹಿಯ ಪರ ನಿಂತಿತು. ಇಂಥ ಕೃತಿಯ ಪರಿಣಾಮವನ್ನು ವಿವೇಕಿಯಾದ, ಗಟ್ಟಿ ಮನಸ್ಸಿನ ಮನುಷ್ಯನ ಅಳತೆಗೋಲಿನಿಂದ ಅಳೆಯಬೇಕೇ ಹೊರತು ಎಲ್ಲದರಲ್ಲೂ ಅಪಾಯ ಕಾಣುವವನ ಅಳತೆಯಿಂದಲ್ಲ ಎಂಬ ನಿಲುವನ್ನು ಎತ್ತಿಹಿಡಿಯಿತು. ತೀರ್ಪು ಕೊಡುವ ಅಧಿಕಾರವಿದ್ದವರೇ ಮೊದಲು ನೋಡಿದರು. ಅಧಿಕಾರವಿಲ್ಲದ ನಾವು ನೋಡದೆಯೇ ತೀರ್ಪು ಕೊಡುತ್ತೇವೆ.

ಮುಸ್ಲಿಮರಾದ ನಮಗೆ ಈ ವಿಚಾರದಲ್ಲಿ ಇನ್ನೊಂದು ಸ್ವಂತ ಲಾಭ ನಷ್ಟವಿದೆ. ನಮ್ಮ ಸಿನಿಮಾ, ಧಾರಾವಾಹಿಗಳಲ್ಲಿ ಟೋಪಿ, ಗಡ್ಡ ಕಂಡ ತಕ್ಷಣ ಬಾಂಬು ಹುಡುಕುವ ಕಥೆಗಳಿಗೆ ಬರವಿಲ್ಲ. ಅವುಗಳ ಬಗ್ಗೆ ನಾವು ಮಾತಾಡಲೇಬೇಕು. ಯಾವ ಕಂತು, ಯಾವ ದೃಶ್ಯ, ಯಾವ ಮಾತು, ಅದರಲ್ಲಿ ಸುಳ್ಳೇನು ಎಂದು ಬಿಡಿಸಿ ತೋರಿಸಬೇಕು. ಹಾಗೆ ತೋರಿಸಿದಾಗ ಮುಸ್ಲಿಮೇತರ ಓದುಗನೂ ಹೌದಲ್ಲ ಎನ್ನುತ್ತಾನೆ. ಆದರೆ ಚುಂಬನಕ್ಕೂ, ಜಿನ್ನ್‌ಗೂ, ಯಾವುದೋ ಹೆಸರಿಗೂ ‘ಹುಲಿ ಬಂತು ಹುಲಿ’ ಎಂದು ಕೂಗುತ್ತಿದ್ದರೆ, ನಿಜವಾದ ಹುಲಿ ಹಟ್ಟಿಗೆ ನುಗ್ಗಿದ ದಿನ ನಮ್ಮ ಕೂಗಿಗೆ ಯಾರೂ ಓಡಿ ಬರುವುದಿಲ್ಲ.

ಕಥೆ ಬರೆಯುವವನಾಗಿ ನಾನು ಓದುಗನಿಂದ ಹೊಗಳಿಕೆ ಕೇಳುವುದಿಲ್ಲ. ಬೈಯುವ ಹಕ್ಕು ಅವನಿಗಿದೆ. ಆದರೆ ಕಥೆಯ ಕೊನೆಯ ಸಾಲಿನವರೆಗೆ ಬಂದು ಬೈಯಲಿ. ಧಾರಾವಾಹಿಗೂ ಇದೇ ಮಾತು. ಇಷ್ಟವಿಲ್ಲದಿದ್ದರೆ ನೋಡಬೇಡಿ, ಟಿ.ವಿ. ಆರಿಸುವ ಗುಂಡಿ ನಿಮ್ಮ ಕೈಯಲ್ಲೇ ಇದೆ. ಕೆಟ್ಟದ್ದೆನಿಸಿದರೆ ನೋಡಿ, ಬರೆಯಿರಿ, ಇನ್ನೊಬ್ಬರ ಎದುರು ವಾದ ಮಾಡಿ, ಮಕ್ಕಳ ಪಕ್ಕದಲ್ಲಿ ಕುಳಿತು ಇದರಲ್ಲಿ ಸರಿಯಿಲ್ಲದ್ದು ಏನೆಂದು ತಿಳಿಹೇಳಿ. ನೋಡದೆ ಸಹಿ ಹಾಕಲು ಯಾರಾದರೂ ಕಾಗದ ಹಿಡಿದು ಮನೆ ಬಾಗಿಲಿಗೆ ಬಂದರೆ ಒಂದೇ ಪ್ರಶ್ನೆ ಕೇಳಿ: ಸ್ವಾಮಿ, ತಾವು ಎಷ್ಟು ಕಂತು ನೋಡಿದ್ದೀರಿ?