ವೈದ್ಯರಿಗೆ ಹೇಳದ ಚಿಲುಮೆ

ಇಂಡಿ ತಾಲೂಕಿನ ಪರಿಚಯದ ಹಿರಿಯರೊಬ್ಬರಿಗೆ ಕರುಳಿನ ಶಸ್ತ್ರಚಿಕಿತ್ಸೆಯಾದಾಗ ಅವರನ್ನು ಕಾಣಲು ನಾವು ವಿಜಯಪುರದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆವು. ಎರಡು ರಾತ್ರಿ ಅವರಿಗೆ ನಿದ್ರೆಯಿಲ್ಲ, ಗಂಜಿ ಬೇಡ, ಮಾತನಾಡಿಸಿದರೆ ಸಿಡುಕು. ಕೆಮ್ಮು ಬಂದಾಗಲೆಲ್ಲ ಹೊಲಿಗೆಯ ಮೇಲೆ ಕೈಯಿಟ್ಟು ನರಳುತ್ತಿದ್ದರು. ನೋವಿನ ಸೂಜಿಮದ್ದೂ ಸಾಲದಾಗಿತ್ತು. ಮೂರನೆಯ ದಿನ ಅವರ ಧರ್ಮಪತ್ನಿಯವರು ನರ್ಸಬಾಯಿಯವರ ಕಿವಿಯಲ್ಲಿ, "ದಿನಾ ಗಾಂಜಾ ಸೇದ್ತಾರ್ರಿ, ಹೆಂಗ ಹೇಳೂದಂತ ಸುಮ್ಮನಿದ್ದೆ" ಎಂದರು. ದಾಖಲು ಮಾಡಿಕೊಳ್ಳುವಾಗ ವೈದ್ಯರು ಚಟಗಳ ಬಗ್ಗೆ ಕೇಳಿಯೇ ಇದ್ದರು. ಆದರೆ ಎದುರಿಗೆ ಅಳಿಯಂದಿರು ನಿಂತಿದ್ದರು. "ಏನೂ ಇಲ್ರಿ" ಎಂದು ಹಿರಿಯರು ಹೇಳಿಬಿಟ್ಟಿದ್ದರು.

ಬಂಧುಗಳೇ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಚಿಲುಮೆ ಅಪರಿಚಿತವಾದುದಲ್ಲ. ನೆರೆಯ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾ ಪ್ರಸಾದವೆಂದು ಸಲ್ಲುವ ವಿಷಯ 2020ರಲ್ಲಿ ಪತ್ರಿಕೆಗಳಲ್ಲಿಯೂ ಬಂದಿತ್ತು. 1985ರ ಕಾಯಿದೆ ಗಾಂಜಾವನ್ನು ನಿಷೇಧಿಸಿರುವುದರಿಂದ ಮುಚ್ಚಿಡುವವರೇ ಹೆಚ್ಚು. ಭಕ್ತಿಯಿಂದ ಸೇದಿದರೂ ಚಟದಿಂದ ಸೇದಿದರೂ ದೇಹಕ್ಕೆ ಆ ಭೇದ ತಿಳಿಯದು.

ನಿತ್ಯ ಸೇದುವವರಿಗೆ ಅರಿವಳಿಕೆಯ ಔಷಧ ಸಾಮಾನ್ಯ ಪ್ರಮಾಣಕ್ಕಿಂತ ಹೆಚ್ಚು ಬೇಕಾಗಬಹುದು. ಶಸ್ತ್ರಕ್ರಿಯೆಯ ನಂತರ ನೋವೂ ಅವರಿಗೆ ಅಧಿಕ. ಹೊಗೆಯಿಂದ ಶ್ವಾಸನಾಳ ಕೆರಳಿ ಕಫ ಕಟ್ಟುತ್ತದೆ. ಹೊಟ್ಟೆಯ ಹೊಲಿಗೆಯಿದ್ದವನಿಗೆ ಕೆಮ್ಮು ಎಂಥ ಶಿಕ್ಷೆಯೆಂಬುದನ್ನು ಅನುಭವಿಸಿದವರೇ ಬಲ್ಲರು. ಚಟ ಒಮ್ಮೆಲೆ ನಿಂತಾಗ ನಿದ್ರಾನಾಶ, ಅರುಚಿ, ಸಿಡುಕು ಕಾಣಿಸುತ್ತವೆ. ಮನೆಯವರು ಅದನ್ನು ಆಸ್ಪತ್ರೆಯ ಬೇಸರವೆಂದು ತಿಳಿಯುತ್ತಾರೆ. ಸೇದಿದ ಕೂಡಲೇ ನಾಡಿಯ ವೇಗ ಏರುವುದರಿಂದ ಹೃದಯಾಘಾತದ ಭಯವೂ ಉಂಟು. ಆದ್ದರಿಂದಲೇ ಅಮೆರಿಕದ ಅರಿವಳಿಕೆ ತಜ್ಞರ ಸಂಘವೊಂದು 2023ರಲ್ಲಿ, ಅರಿವಳಿಕೆ ಕೊಡುವ ಮೊದಲು ಪ್ರತಿಯೊಬ್ಬ ರೋಗಿಯನ್ನೂ ಗಾಂಜಾದ ಬಗ್ಗೆ ಕೇಳಬೇಕು, ಸೇದಿದ್ದರೆ ತುರ್ತಿಲ್ಲದ ಶಸ್ತ್ರಕ್ರಿಯೆಯನ್ನು ಕನಿಷ್ಠ 2 ಗಂಟೆಯಾದರೂ ಮುಂದೂಡಬೇಕು ಎಂದು ಸೂಚಿಸಿತು. ಅದೇ ವರ್ಷ ಅಲ್ಲಿಯ ಆಸ್ಪತ್ರೆಗಳ ದಾಖಲೆಗಳಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ದೊಡ್ಡ ಶಸ್ತ್ರಕ್ರಿಯೆಗಳ ನಂತರದ ತೊಡಕುಗಳು ಗಾಂಜಾ ಚಟವಿದ್ದವರಲ್ಲಿ ತುಸು ಹೆಚ್ಚಾಗಿಯೇ ಕಂಡುಬಂದವು. ವ್ಯತ್ಯಾಸ ಬಹು ದೊಡ್ಡದಲ್ಲ. ಆದರೆ ವೈದ್ಯರಿಗೆ ತಿಳಿದಿದ್ದರೆ ಅದಕ್ಕೆ ಸಿದ್ಧರಾಗಿರುತ್ತಾರೆ; ತಿಳಿಯದಿದ್ದರೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಹೇಳಬೇಕಾದುದು ಇಷ್ಟೆ: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಕಡೆಯ ಬಾರಿ ಯಾವಾಗ, ಸೇದಿದ್ದೋ ಭಂಗಿಯಾಗಿ ಕುಡಿದದ್ದೋ. ಕುಡಿದದ್ದರ ಅಮಲು ತಡವಾಗಿ ಏರಿ ಬಹಳ ಹೊತ್ತು ನಿಲ್ಲುತ್ತದೆ. ಆದ್ದರಿಂದ ಈ ಕಡೆಯ ಮಾತು ಮುಖ್ಯ. ವೈದ್ಯರು ಕೇಳುವುದು ಔಷಧದ ಪ್ರಮಾಣ ನಿರ್ಧರಿಸಲಿಕ್ಕೆ. ಮಕ್ಕಳು, ಬೀಗರು, ಅಳಿಯಂದಿರ ಎದುರಿಗೆ ಹಿರಿಯರಿಗೆ ಬಾಯಿ ಬಾರದು, ಅದು ಸಹಜ. ಅವರನ್ನೆಲ್ಲ ಹೊರಗೆ ಕಳಿಸಿ ವೈದ್ಯರೊಡನೆ ಒಬ್ಬರೇ ಮಾತನಾಡಲು ಅವಕಾಶ ಮಾಡಿಕೊಡಿರಿ. ಅವರು ಹೇಳದಿದ್ದರೆ ತಾಯಂದಿರೇ ಹೇಳಿರಿ, ಮೂರನೆಯ ದಿನದವರೆಗೆ ಕಾಯದೆ.

ಆ ಹಿರಿಯರು ಹದಿಮೂರು ದಿನಗಳ ನಂತರ ಮನೆಗೆ ಬಂದರು. ಚಿಲುಮೆ ಈಗ ಎಲ್ಲಿದೆಯೆಂದು ನಾವು ಕೇಳಿಲ್ಲ. ಅವರ ಧರ್ಮಪತ್ನಿಯವರಿಗೆ ಗೊತ್ತಿದೆ.