ಕಂಡದ್ದೆಲ್ಲ ಚೀನವಲ್ಲ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಚೀನಕ್ಕೆ ಹೋಗಿಬರುವ ಪರದೇಶದ ಬಾತ್ಮೀದಾರರಿಗೆ ಈ ಗಾದೆಯನ್ನು ಯಾರೂ ಹೇಳಿಕೊಟ್ಟಂತೆ ಕಾಣುವುದಿಲ್ಲ. ‘ನಾನೇ ಕಂಡು ಬಂದೆ’ ಎಂಬ ಒಂದು ಮಾತೇ ಅವರಿಗೆ ಸಕಲ ಪ್ರಮಾಣ.

ಅಮೆರಿಕದ ಎಡ್ಗರ್ ಸ್ನೋ ಅವರನ್ನೇ ತೆಗೆದುಕೊಳ್ಳೋಣ. ಅವರು ಸಾಮಾನ್ಯರಲ್ಲ. 1936ರಲ್ಲಿ ಕಾವಲುಗಳನ್ನು ದಾಟಿ, ವಾಯವ್ಯ ಚೀನದ ಗುಡ್ಡಗಾಡಿನಲ್ಲಿ ಮಾವೋ ಅವರನ್ನು ಕಂಡು, ಮರುವರ್ಷವೇ ‘ರೆಡ್ ಸ್ಟಾರ್ ಓವರ್ ಚೈನಾ’ ಎಂಬ ಗ್ರಂಥದ ಮೂಲಕ ಅವರನ್ನು ಲೋಕಕ್ಕೆ ಪರಿಚಯಿಸಿದವರು. ಆ ಸಾಹಸಕ್ಕೆ ತಲೆಬಾಗೋಣ. ಅದೇ ಸ್ನೋ 1960ರಲ್ಲಿ ಮತ್ತೆ ಹೋದರು, ತಿಂಗಳುಗಟ್ಟಲೆ ಸುತ್ತಿದರು, ಹಸಿದು ಸಾಯುವವರನ್ನು ತಾವು ಕಾಣಲಿಲ್ಲವೆಂದು 1962ರ ಗ್ರಂಥದಲ್ಲಿ ಬರೆದರು. ಅವರು ಸುತ್ತುತ್ತಿದ್ದ ದಿನಗಳಲ್ಲೇ ‘ಮಹಾ ಜಿಗಿತ’ವೆಂಬ ಯೋಜನೆ ತಂದೊಡ್ಡಿದ ಕ್ಷಾಮ ಹಳ್ಳಿಹಳ್ಳಿಗಳನ್ನು ನುಂಗುತ್ತಿತ್ತು. ಸ್ನೋ ಸುಳ್ಳು ಹೇಳಿದರೆ? ಹಾಗೆನ್ನಲಾರೆ. ತೋರಿಸಿದ್ದನ್ನು ಕಂಡರು, ಕಂಡದ್ದನ್ನೇ ಚೀನವೆಂದು ನಂಬಿದರು.

ಆ ಕ್ಷಾಮದ ಲೆಕ್ಕವನ್ನು ಬರೆದವರು ಸರ್ಕಾರದ ಶಿನ್ಹುವಾ ಸುದ್ದಿಸಂಸ್ಥೆಯಲ್ಲೇ ದುಡಿದ ಯಾಂಗ್ ಜಿಶೆಂಗ್. 1959ರಲ್ಲಿ ಅವರ ತಂದೆ ಹಸಿವಿನಿಂದ ಸತ್ತರು. ಅಂದು ವಿದ್ಯಾರ್ಥಿಯಾಗಿದ್ದ ಯಾಂಗ್ ಅದನ್ನು ತಮ್ಮ ಮನೆಯೊಂದರ ದುರದೃಷ್ಟವೆಂದೇ ತಿಳಿದಿದ್ದರು. ಮುಂದೆ ಪ್ರಾಂತಪ್ರಾಂತಗಳ ಸರ್ಕಾರಿ ದಫ್ತರಗಳನ್ನು ವರ್ಷಗಟ್ಟಲೆ ಶೋಧಿಸಿ, ಸತ್ತವರು ಸುಮಾರು 3 ಕೋಟಿ 60 ಲಕ್ಷವೆಂದು ಅಂದಾಜು ಮಾಡಿದರು. ‘ಸಮಾಧಿಯ ಕಲ್ಲು’ ಎಂದು ಹೆಸರಿಟ್ಟ ಆ ಗ್ರಂಥ 2008ರಲ್ಲಿ ಅಚ್ಚಾದದ್ದು ಹಾಂಗ್‌ಕಾಂಗಿನಲ್ಲಿ. ಚೀನದ ಒಳನಾಡಿನಲ್ಲಿ ಅದಕ್ಕೆ ನಿಷೇಧ.

ಅದು ಹಳೆಯ ಕಥೆ ಎನ್ನಬಹುದು. ಇಂದಿನದೇನು? ಇಂದಿನ ವರದಿಗಳಲ್ಲಿ ಎರಡೇ ಚೀನಗಳು: ವೇಗದ ರೈಲು, ಮುಗಿಲೆತ್ತರದ ಕಟ್ಟಡಗಳ ಬೆರಗಿನ ಚೀನ ಒಂದು, ಸೈನ್ಯ, ಕಾವಲಿನ ಕ್ಯಾಮೆರಾಗಳ ಭಯದ ಚೀನ ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಎರಡೂ ಲಂಡನ್, ನ್ಯೂಯಾರ್ಕಿನ ಓದುಗನ ಅಳತೆಗೆ ಹೊಲಿದ ಅಂಗಿಗಳು. ಹಳ್ಳಿ ಬಿಟ್ಟು ಶೆನ್‌ಜೆನ್ನಿನ ಕಾರ್ಖಾನೆಗೆ ಬಂದ ಕೂಲಿಯ ಮಗುವಿಗೆ, ಹುಟ್ಟೂರಿನ ನೋಂದಣಿಯ ಕಾರಣದಿಂದ ನಗರದ ಸರ್ಕಾರಿ ಶಾಲೆ ಸಿಗುವುದೇ ಕಷ್ಟ. ಈ ಸಂಗತಿ ಬೆರಗೂ ಅಲ್ಲ, ಭಯವೂ ಅಲ್ಲ. ಆದ್ದರಿಂದ ಮುಖಪುಟಕ್ಕೆ ಬರುವುದು ಅಪರೂಪ.

ಇನ್ನೊಂದು ಅನ್ಯಾಯವುಂಟು. ಚೀನದ ಪ್ರಜೆಗಳು ಪರದೇಶದ ಪತ್ರಿಕೆಗಳಿಗೆ ವರದಿಗಾರರಾಗಲು ಅಲ್ಲಿನ ಸರ್ಕಾರ ಬಿಡುವುದಿಲ್ಲ, ‘ಸಹಾಯಕ’ರಾಗಬಹುದು, ಅಷ್ಟೆ. ಜನರನ್ನು ಹುಡುಕುವವರು, ಮಾತಾಡಿಸುವವರು, ಅನುವಾದಿಸುವವರು ಇವರೇ. ಹೆಸರು ಮಾತ್ರ ಸಾಹೇಬರದು. ಆಪತ್ತು ಬಂದಾಗ ಸಾಹೇಬರಿಗೆ ಗಡೀಪಾರು, ಇವರಿಗೆ ಸೆರೆಮನೆ. 2004ರಲ್ಲಿ ಬಂಧಿತರಾದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಹಾಯಕ ಝಾವೋ ಯಾನ್ ಮೂರು ವರ್ಷ ಸೆರೆಯಲ್ಲಿ ಕಳೆದರು.

‘ಬಾಗಿಲು ಮುಚ್ಚುವವರು ಚೀನದ ಅಧಿಕಾರಿಗಳಲ್ಲವೆ? ಬಾತ್ಮೀದಾರನನ್ನೇಕೆ ಬೈಯುತ್ತೀರಿ?’ ಎಂದು ಕೇಳುವವರಿದ್ದಾರೆ. ನಿಜ, 2020ರಲ್ಲಿ ಅಮೆರಿಕದ ಮೂರು ದೊಡ್ಡ ಪತ್ರಿಕೆಗಳ ವರದಿಗಾರರನ್ನು ಆ ಸರ್ಕಾರ ಹೊರದೂಡಿತು. ಆದರೆ ಮುಚ್ಚಿದ ಬಾಗಿಲಿನ ಮುಂದೆ ನಿಂತವನು ‘ಬಾಗಿಲು ಮುಚ್ಚಿತ್ತು’ ಎಂದು ಬರೆಯಬೇಕೇ ಹೊರತು ಒಳಮನೆಯ ವರ್ಣನೆಯನ್ನಲ್ಲ.

ನಾವೂ ಸುಖವಾಗಿ ಕೂರುವಂತಿಲ್ಲ. ಮೂರು ಸಾವಿರ ಕಿಲೋಮೀಟರಿಗೂ ಮೀರಿದ ಗಡಿಯ ನೆರೆ ನಮ್ಮದು. 2023ರಲ್ಲಿ ಎರಡೂ ಸರ್ಕಾರಗಳು ಪರಸ್ಪರರ ಪತ್ರಕರ್ತರ ವೀಸಾಗಳನ್ನು ತಡೆದಾಗ ನಮ್ಮ ಬೆರಳೆಣಿಕೆಯ ವರದಿಗಾರರೂ ಬೀಜಿಂಗ್ ಬಿಡಬೇಕಾಯಿತು. ಪಕ್ಕದ ಮನೆಯ ಸುದ್ದಿಯನ್ನು ಲಂಡನ್ನಿನಿಂದ ಇಂಗ್ಲಿಷಿನಲ್ಲಿ ತರಿಸಿ, ಕನ್ನಡಕ್ಕೆ ತಿರುಗಿಸಿ ಓದುವುದು ನಮ್ಮ ಪಾಡು. ಭಾಷೆಯ ಪಾಠ ಹೇಳುವವನಾಗಿ ನಾನು ಬಲ್ಲೆ: ಕೈ ಬದಲಾದಂತೆಲ್ಲ ಮಾತಿನ ಸತ್ತ್ವ ಸೋರುತ್ತದೆ.

ಆದುದರಿಂದ ಚೀನದ ವರದಿಯನ್ನು ಓದುವಾಗ ಮೂರು ಪ್ರಶ್ನೆ ಕೇಳೋಣ. ಇದನ್ನು ತೋರಿಸಿದವರು ಯಾರು? ಅನುವಾದಿಸಿದವರು ಯಾರು? ವರದಿಗಾರ ಕಾಣದೆ ಬಿಟ್ಟದ್ದೇನು? ಇವಕ್ಕೆ ಉತ್ತರ ಕೊಡದ ವರದಿಯನ್ನು, ಎಷ್ಟೇ ಸೊಗಸಾಗಿರಲಿ, ಪೂರ್ತಿ ನಂಬಬಾರದು.